ಗೆದ್ದ ಸೋಮವಾರವನ್ನು ನಾನೇ ಮಾರಿದ್ದು

ಹೊಸಪೇಟೆಯಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಗಾದಿಗನೂರಿನ ಒಕ್ಕಲು ಮನೆಯವಳು ನಾನು. ಒಂದೇ ಒಲೆಯಿಂದ ಶುರು ಮಾಡಿದ್ದು, ಈಗ ಸಾಲು ಒಲೆಗಳ ಮುಂದೆ ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ನಮ್ಮ ದೊಡ್ಡ ಗಿರಾಕಿ ಎಂದರೆ ತೋರಣಗಲ್ಲಿನಲ್ಲಿ ಕಾರ್ಖಾನೆಯ ಕೂಲಿಕಾರರ ವಸತಿಗೆ ಊಟ ಪೂರೈಸುವ ಗುತ್ತಿಗೆದಾರ. ಪಾಳಿಯ ಮೇಲೆ ದುಡಿಯುವವರಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹಾಗಾಗಿ ನನಗೂ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಬಲಗೈ ಸೋತಿತು. ಕೈಗಿಂತ ಮೊದಲೇ ಮನಸ್ಸು ಸೋತಿತ್ತು, ಗೊತ್ತಾಗಿರಲಿಲ್ಲ ಅಷ್ಟೆ. ಯಾರಾದರೂ ರೊಟ್ಟಿ ಚಲೋ ಇದ್ದವು ಅಂದರೂ ಸಿಟ್ಟು ಬರುತ್ತಿತ್ತು. ದೇವರಿಗೆ ದೀಪ ಹಚ್ಚುವಾಗಲೂ ತಲೆಯಲ್ಲಿ ಜೋಳದ ಹಿಟ್ಟಿನ ಚೀಲಗಳೇ. ಒಂದು ದಿನ ಕೂತಲ್ಲೇ ತೂಕಡಿಸಿ, ಕಾದ ಹಂಚಿನ ಮೇಲೆ ಅಂಗೈ ಊರಿಬಿಟ್ಟೆ.

ಸುಟ್ಟ ಕೈಗೆ ಮುಲಾಮು ಹಚ್ಚುತ್ತ ಅವ್ವ ಬೈದಳು. "ಬಸವಣ್ಣನ ವಾರ ಅಂತ ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡೂದಿಲ್ಲ ನಾವು. ನಿನ್ನ ಹೆಗಲಿಗೆ ನೀನ ನೊಗ ಏರಿಸಿಕೊಂಡು ಕುಂತೀದಿ. ಎತ್ತಿಗಿಂತ ಕಡಿ ಆದೇನ, ಹುಚ್ಚಿ?"

ಅಂದೇ ಗಟ್ಟಿ ಮಾಡಿಕೊಂಡೆ, ಇನ್ನು ಸೋಮವಾರ ಒಲೆ ಹಚ್ಚುವುದಿಲ್ಲ. ಆದರೆ ಗುತ್ತಿಗೆದಾರನ ಮ್ಯಾನೇಜರ್ ಒಪ್ಪಬೇಕಲ್ಲ. ನಿಮಗೂ ಒಂದು ಮಾತು ಹೇಳುತ್ತೇನೆ: ಬಿಡುವು ಬೇಕಾದರೆ ಬೇಡಿಕೊಳ್ಳಬೇಡಿ, ಚೌಕಾಸಿ ಮಾಡಿ. ಬೇಕಾದ್ದು ಒಂದು ದಿನ; ನಾನು ಕೇಳಿದ್ದು ಎರಡು.

"ಸೋಮವಾರ, ಮಂಗಳವಾರ ನಮ್ಮ ಒಲಿ ಹಚ್ಚಂಗಿಲ್ರಿ," ಅಂದೆ.

"ಏನ್ ಅಕ್ಕಾರ, ಸರ್ಕಾರಿ ಆಫೀಸ್ ನಡಸ್ತೀರೇನು?" ಅಂದ ಮ್ಯಾನೇಜರ್.

"ಅವರಿಗಾದ್ರ ಎರಡನೇ ಶನಿವಾರನೂ ಐತಿ. ನನಗ ಅದು ಬ್ಯಾಡ್ರಿ."

"ಹುಡುಗ್ರು ಉಪಾಸ ಡ್ಯೂಟಿಗೆ ಹೋಗ್ಬೇಕಾ? ಹೋಗ್ಲಿ, ಅರ್ಧ ದಿನ ತಗೋರಿ."

"ಅರ್ಧ ದಿನಕ್ಕೂ ಒಲಿ ಪೂರಾನ ಉರಿಬೇಕಲ್ರಿ."

ಇಲ್ಲಿಗೆ ಬಾಯಿ ಮುಚ್ಚಿದೆ. ಚೌಕಾಸಿಯಲ್ಲಿ ಮೊದಲು ಮಾತಾಡಿದವರು ಸೋಲುತ್ತಾರೆ. ಅವನು ಮೊಬೈಲ್ ನೋಡಿದ, ಫ್ಯಾನ್ ನೋಡಿದ, ಕೊನೆಗೆ, "ಏನಾರ ದಾರಿ ಹೇಳ್ರಿ ಮತ್ತ," ಅಂದ. ದಾರಿ ನನ್ನ ಬಳಿ ಸಿದ್ಧವಿತ್ತು. ಆಸ್ತಿ ಬಿಟ್ಟುಕೊಟ್ಟವಳ ಹಾಗೆ ಮುಖ ಮಾಡಿ, "ನಿಮ್ಮ ಮುಖ ನೋಡಿ ಮಂಗಳವಾರ ಬಿಟ್ಟೆ. ಸೋಮವಾರದ್ದು ಭಾನುವಾರನ ಖಡಕ್ ರೊಟ್ಟಿ ಮಾಡಿ ಕಳಸ್ತೀನಿ. ಕೆಡಂಗಿಲ್ಲ. ಶೇಂಗಾ ಚಟ್ನಿ ನನ್ನ ಕಡಿಂದ," ಅಂದೆ.

"ಭಾಳ ಖತರ್ನಾಕ್ ಅದೀರಿ ಬಿಡ್ರಿ," ಎಂದು ನಕ್ಕು ಒಪ್ಪಿದ. ಒಲೆ ಮುಂದಿನ ಹೆಂಗಸರಿಗೂ ಆ ದಿನ ರಜೆ ಸಿಕ್ಕಿತು.

ಮೊದಲ ಸೋಮವಾರ ಅವ್ವನನ್ನು ಕರೆದುಕೊಂಡು ಹಂಪಿ ಬಸ್ ಹತ್ತಿದೆ. ಹೊಳೆಯಲ್ಲಿ ಮಿಂದು, ವಿರೂಪಾಕ್ಷನ ದರ್ಶನ ಮಾಡಿ, ಹಂಪಿ ಬಜಾರಿನ ಕಲ್ಲು ಮಂಟಪದ ನೆರಳಲ್ಲಿ ಕೂತೆವು. ಕಣ್ಣು ಮುಚ್ಚಿ ನಮಃ ಶಿವಾಯ ಅಂದುಕೊಳ್ಳತೊಡಗಿದ್ದೆ. ಪಕ್ಕದಲ್ಲಿ ಯಾರೋ ಫೋನಿನಲ್ಲಿ ಕೂಗಾಡುವುದು ಕೇಳಿಸಿತು: "ಪ್ರತಿ ಸೋಮವಾರ ಹಿಂಗ ಕೈಕೊಟ್ರ ಗಿರಾಕಿಗೆ ಏನ್ ಬಡಸ್ಲಿ? ರೊಟ್ಟಿ ಇಲ್ಲದ ಊಟಾನಾ?"

ನನ್ನ ಕಣ್ಣು ತಾನಾಗಿಯೇ ತೆರೆಯಿತು. ಕೂಗಾಡುತ್ತಿದ್ದವರು ಅಲ್ಲಿ ಪ್ರವಾಸಿಗರಿಗೆ ಊಟದ ಹೋಟೆಲ್ ನಡೆಸುತ್ತಾರಂತೆ. ಪರಿಚಯ ಮಾಡಿಕೊಂಡೆ, ದರ ಎಳೆದೆ, ಒಪ್ಪಿಸಿದೆ. ಇನ್ನು ಪ್ರತಿ ಸೋಮವಾರ ಬಿಸಿ ರೊಟ್ಟಿ ನನ್ನದೇ. ಗೆದ್ದ ಖುಷಿಯಲ್ಲಿ ಬಂದು ಅವ್ವನಿಗೆ ಹೇಳಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. "ಸ್ವಾಮಿ ಮುಂದ ಕಣ್ಣು ಮುಚ್ಚಿದಿ, ಬಾಯಿ ಮುಚ್ಚಲಿಲ್ಲಲ್ಲಬೇ ನೀನು! ಸೋಮವಾರ ಗೆದ್ದು ಇನ್ನೂ ಒಂದು ಹೊತ್ತು ಉಂಡಿಲ್ಲ, ಆಗಲೇ ಮಾರಿ ಬಂದಿ."

ಅಂಗೈ ತಿರುವಿ ನೋಡಿಕೊಂಡೆ. ಸುಟ್ಟಲ್ಲಿ ಹೊಸ ಚರ್ಮ ಆಗಷ್ಟೇ ಬಂದಿತ್ತು. ಇನ್ನೊಮ್ಮೆ ಸೋತರೆ ಈ ಕೈ ಏಳುವುದಿಲ್ಲ, ಮನಸ್ಸಂತೂ ಏಳುವುದೇ ಇಲ್ಲ. ಇತ್ತ, ಆಡಿದ ಮಾತು ವಾಪಸ್ ತೆಗೆದುಕೊಳ್ಳದಿರುವುದೇ ನನ್ನ ವ್ಯಾಪಾರದ ಬಂಡವಾಳ. ಮಾತು ಮುರಿದವಳೆಂಬ ಸುದ್ದಿ ಹಂಪಿಯಿಂದ ಕಂಪ್ಲಿಗೆ ಮುಟ್ಟಲು ಎಷ್ಟು ಹೊತ್ತು? ಆದರೂ ಎದ್ದೆ. ಹೆಸರು ಹೋದರೆ ಇನ್ನೊಮ್ಮೆ ದುಡಿದು ಗಳಿಸಬಹುದು. ದುಡಿಯಲು ನಾನು ಇರಬೇಕಲ್ಲ.

ಹೋಟೆಲಿನವರು ಅಷ್ಟರಲ್ಲಿ ದೇವಸ್ಥಾನದ ಮುಂದಕ್ಕೆ ಹೋಗಿ ನಿಂತಿದ್ದರು. "ಅಣ್ಣಾರ, ತಪ್ಪಾತು. ಸೋಮವಾರ ನನ್ನ ಕೈಲಿ ಆಗಂಗಿಲ್ರಿ," ಅಂದೆ.

"ಈಗಷ್ಟ ಹೂಂ ಅಂದ್ರಲ್ರಿ? ದರ ಸಾಲದೇನು? ಏರಸ್ತೀನಿ ತಗೋರಿ."

ಜೀವನದಲ್ಲಿ ಮೊದಲ ಸಲ ಏರಿದ ದರಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದೆ. "ಎಷ್ಟು ಏರಿಸಿದ್ರೂ ಇಲ್ರಿ. ಸೋಮವಾರ ಮಾರಾಟಕ್ಕಿಲ್ಲ."

"ಅಲ್ಲಕ್ಕ, ಹಿಂಗ ಮಾಡಿದ್ರ ವ್ಯಾಪಾರ ಹೆಂಗ ಮಾಡ್ತೀರಿ ನೀವು?"

"ಉಳಿದ ಆರು ದಿನ ಮಾಡ್ತೀನ್ರಿ."

ಅವರು ಗೊಣಗುತ್ತ ಹೋದರು. ಮುಂದೆ ಯಾವ ದಿನವೂ ನನ್ನಿಂದ ರೊಟ್ಟಿ ಕೊಳ್ಳಲಿಲ್ಲ, ಕೊಳ್ಳದಿದ್ದರೆ ಬೇಡ. ಮಂಟಪಕ್ಕೆ ಮರಳಿ ಫೋನ್ ಆರಿಸಿ ಅವ್ವನ ಸೆರಗಿಗೆ ಗಂಟು ಹಾಕಿಸಿದೆ. ನಾನು ಕೇಳಿದರೂ ಬಿಚ್ಚಬೇಡ ಎಂದು ತಾಕೀತು ಮಾಡಿದೆ. ಆಮೇಲೆ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿದೆ. ನಾಮ ಎಲ್ಲಿಗೆ ನಿಲ್ಲಿಸಿದ್ದೆನೋ ನೆನಪಾಗಲಿಲ್ಲ. ಮೊದಲಿನಿಂದ ಶುರು ಮಾಡಿದೆ.