ಕೊಂಬಿನಿ ಮುಂದಿನ ಮೂರು ಬೈಕು

ಜಪಾನಿನ ಹಮಾಮತ್ಸುವಿನಲ್ಲಿ ನನ್ನ ಕೆಲಸ ಬೈಕುಗಳ ಬಾಯಿ ಮುಚ್ಚಿಸುವುದು. ಸೈಲೆನ್ಸರ್ ವಿಭಾಗದ ಎಂಜಿನಿಯರ್ ನಾನು. ಕೊರೋನಾ ಬಂದು ಮನೆಯಿಂದಲೇ ಕೆಲಸ ಎಂದಾದ ಮೇಲೆ ಹೆಡ್‌ಫೋನಿನಲ್ಲಿ ರೆಕಾರ್ಡಿಂಗ್ ಕೇಳಿ ಕೇಳಿ ತಲೆ ಚಿಟ್ಟುಹಿಡಿದಿತ್ತು. ನಿಜವಾದ ಎಂಜಿನ್ನಿನ ಸದ್ದು ಕಿವಿಗೆ ಬಿದ್ದು ತಿಂಗಳುಗಳೇ ಆಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಎಂಟು ವರ್ಷದ ಮಗಳ ಜೊತೆ ಹಾಲು ತರಲು ಮನೆ ಹತ್ತಿರದ ಕೊಂಬಿನಿಗೆ ಹೋದೆ. ಆ ಪುಟ್ಟ ಅಂಗಡಿಯ ಮುಂದೆ ಮೂರು ಬೈಕುಗಳು ನಿಂತಿದ್ದವು. ಹ್ಯಾಂಡಲ್ ಎತ್ತರಿಸಿ, ಸೈಲೆನ್ಸರ್ ಕೊಯ್ದು ಹಾಕಿದ್ದರು. ಪುಂಡರ ಗ್ಯಾಂಗಿನವು ಅಂತ ನೋಡಿದ ಕೂಡಲೇ ಗೊತ್ತಾಯಿತು. ಇಲ್ಲಿಯವರು ಇಂಥವರನ್ನು ಕಂಡರೆ ತಲೆ ತಗ್ಗಿಸಿ ಸರಿದು ಹೋಗುತ್ತಾರೆ. ನನ್ನ ಬುದ್ಧಿ ಎಲ್ಲಿ ಹೋಗಿತ್ತೋ, ಕುಕ್ಕರಗಾಲಿನಲ್ಲಿ ಕೂತು ಒಂದು ಬೈಕಿನ ಹೊಗೆ ಪೈಪಿನೊಳಗೆ ಇಣುಕಿದೆ. ಪಕ್ಕದಲ್ಲೇ ನಿಂತಿದ್ದ ಅದರ ಸವಾರ ನಕ್ಕ.

ನನ್ನ ಜಪಾನಿ ಭಾಷೆ ಸುಮಿಮಾಸೆನ್, ಅರಿಗಾತೋ ದಾಟಿ ಮುಂದೆ ಹೋಗಿಲ್ಲ. ಇಲ್ಲೇ ಹುಟ್ಟಿದ ಮಗಳೇ ಮನೆಗೆಲ್ಲ ದುಭಾಷಿ; ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಅವಳೇ ಮಾತಾಡಬೇಕು. ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಒಂದು ಸಲ ಜೋರಾಗಿ ಆಕ್ಸಿಲರೇಟರ್ ತಿರುಗಿಸಲು ಹೇಳು ಎಂದೆ. ಅವಳು ಬಹಳ ಮರ್ಯಾದೆಯಿಂದ ಕೇಳಿದಳು. ಅವನು ತಿರುಗಿಸಿದ, ಒಂದಲ್ಲ, ಮೂರು ಸಲ. ನನಗೋ ಖುಷಿಯೋ ಖುಷಿ.

ರಸ್ತೆಯಾಚೆ ಪೆಟ್ರೋಲ್ ಬಂಕಿನಲ್ಲಿ ಇನ್ನೊಂದು ಗ್ಯಾಂಗು ಇದ್ದದ್ದನ್ನು ನಾನು ನೋಡಿರಲಿಲ್ಲ. ಅವರೆದುರು ಹಾಗೆ ಸದ್ದು ಮಾಡುವುದೆಂದರೆ ಹೊಡೆದಾಟಕ್ಕೆ ಕರೆದ ಹಾಗೆ ಎಂದು ಆಮೇಲೆ ತಿಳಿಯಿತು. ಕಬ್ಬಿಣದ ಪೈಪು ಹಿಡಿದು ಏಳೆಂಟು ಜನ ನುಗ್ಗಿದರು. ಮಗಳ ಕೈ ಹಿಡಿದು ಅಂಗಡಿಯೊಳಗೆ ಓಡಿದೆ. ಹಿಂದೆಯೇ ಎರಡೂ ಗ್ಯಾಂಗಿನವರು ಬಡಿದಾಡುತ್ತ ಬಾಗಿಲಿಗೆ ಬಿದ್ದರು, ಗಾಜು ಪುಡಿಪುಡಿಯಾಯಿತು. ಗಲ್ಲಾದಲ್ಲಿದ್ದ ವಯಸ್ಸಾದ ಹೆಂಗಸು ಓಡಿಬಂದು ಮಗಳನ್ನು ನೆಲಕ್ಕೆ ತಳ್ಳಿ, ಅವಳ ಮೇಲೆ ಕವುಚಿ ಬಿದ್ದರು. ಬೀಸಿ ಬಂದ ಪೈಪು ಅವರ ತೋಳಿಗೆ ಬಿತ್ತು. ಮೂಳೆ ಮುರಿದದ್ದು ನನಗೆ ಕೇಳಿಸಿತು. ಸದ್ದಿನ ಕಸುಬಿನವನು ನಾನು. ಅಂಥ ಸದ್ದನ್ನು ಎಂದೂ ಕೇಳಿರಲಿಲ್ಲ.

ಆಂಬುಲೆನ್ಸ್ ಹತ್ತುವಾಗ ಆಕೆ ನಮ್ಮತ್ತ ತಲೆ ಬಾಗಿಸಿ ಸುಮಿಮಾಸೆನ್ ಎಂದರು. ಮಗಳನ್ನು ಜೋರಾಗಿ ತಳ್ಳಿದ್ದಕ್ಕೆ ಕ್ಷಮೆ ಕೇಳಿದ್ದಂತೆ, ಅವಳೇ ಹೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಜಗಳ ಹೇಗೆ ಶುರುವಾಯಿತು ಎಂದು ಪೊಲೀಸಿನವನು ಕೇಳಿದ. ಅದನ್ನೂ ಮಗಳೇ ಕನ್ನಡಕ್ಕೆ ತಂದಳು. ಗೊತ್ತಿಲ್ಲ ಎಂದುಬಿಡಲೇ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಇವತ್ತಿಗೂ ಅದಕ್ಕೆ ನಾಚಿಕೆಪಡುತ್ತೇನೆ. ಕೊನೆಗೆ, "ಆಕ್ಸಿಲರೇಟರ್ ತಿರುಗಿಸೋಕೆ ಹೇಳಿದ್ದು ಅಪ್ಪ ಅಂತ ಹೇಳು ಪುಟ್ಟಿ" ಎಂದೆ.

ಅವಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದಳು.

"ನೋ ಅಪ್ಪಾ. ನೀನು ಕನ್ನಡದಲ್ಲಿ ಹೇಳಿದ್ದು, ಅದು ಬೈಕಿನವ್ರಿಗೆ ಅರ್ಥ ಆಗ್ಲಿಲ್ಲ. ಅವ್ರಿಗೆ ಹೇಳಿದ್ದು ನಾನು."

ಆಮೇಲೆ ಪೊಲೀಸಿನವನ ಕಡೆ ತಿರುಗಿ ಅದನ್ನೇ ಜಪಾನಿಯಲ್ಲಿ ಹೇಳಿದಳು. ಅಲ್ಲ, ತಪ್ಪು ನನ್ನದು ಎನ್ನಲು ನನಗೆ ಭಾಷೆ ಬರುತ್ತಿರಲಿಲ್ಲ.