ಅಕ್ಕಿ ಡಬ್ಬದಲ್ಲಿದ್ದ ಕ್ಯಾಮೆರಾ

ಚೀಲದ ದಾರ ಸಡಿಲಿಸಿದಾಗ ಮೊದಲು ಉದುರಿದ್ದು ಒಂದು ಕುಚ್ಚಲಕ್ಕಿಯ ಕಾಳು. ಅದು ನೆಲಕ್ಕೆ ಬಿದ್ದ ಸದ್ದು ಕೇಳಿತು ಎಂದು ಬರೆಯಲು ಹೊರಟಿದ್ದೆ. ಕೇಳಿರಲಾರದು, ಹೊರಗೆ ಹೆದ್ದಾರಿಯಲ್ಲಿ ಬಸ್ಸುಗಳು ಒಂದೇ ಸಮನೆ ಹಾರ್ನ್ ಹಾಕುತ್ತಿದ್ದವು. ವಾಸನೆ ಮಾತ್ರ ನಿಜ. ತೌಡಿನ ವಾಸನೆ, ಬಹಳ ದಿನ ಮುಚ್ಚಿಟ್ಟ ಡಬ್ಬದ ವಾಸನೆ, ಅದರೊಳಗೆ ಎಲ್ಲೋ ಸ್ವಲ್ಪ ಏಲಕ್ಕಿ. ಚೂಡಿದಾರದ ಉಳಿದ ಬಟ್ಟೆಯಲ್ಲಿ ಕೈಯಲ್ಲೇ ಹೊಲಿದ ಚೀಲ ಅದು. ಒಳಗೆ ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಒಂದು ಡಿಜಿಟಲ್ ಕ್ಯಾಮೆರಾ, ಅದರ ಚಾರ್ಜರ್, ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಕಪ್ಪು ದಾರ.

ಕೊಟ್ಟು ಹೋದವಳು ಆಚೆಮನೆಯ ಅಕ್ಕನ ಮಗಳು. ಬೆಳ್ತಂಗಡಿಗೆ ಮದುವೆಯಾಗಿ ಹೋದವಳು ತಾಯಿಯ ಮನೆಯ ಸಾಮಾನು ತೆಗೆಯಲು ಬಂದಿದ್ದಳು. ಅಕ್ಕ ತೀರಿಕೊಂಡು ಕೆಲವು ತಿಂಗಳಾಗಿತ್ತು. "ಇದು ನಿಮಗೇ ಅಂತ ಉಮ್ಮ ಹೇಳಿ ಹೋಗಿದ್ರು," ಎಂದಳು. ಒಳಗೆ ಬಾ ಎಂದೆ. ಟೆಂಪೋದವನು ಕಾಯುತ್ತಿದ್ದಾನೆ ಎಂದು ಹೊರಟಳು.

ಬಿ.ಸಿ.ರೋಡಿನ ಹೆದ್ದಾರಿಯಿಂದ ಒಳಗೆ ಇಳಿಯುವ ಓಣಿಯಲ್ಲಿ ನಮ್ಮ ಎರಡು ಮನೆಗಳು ಎದುರುಬದುರು. ಇಲ್ಲಿ ಅಮ್ಮ ಮತ್ತು ನಾನು. ಅಲ್ಲಿ ಅಕ್ಕ, ಅವರ ಮಕ್ಕಳು, ಗಂಡ ದುಬೈಯಲ್ಲಿ. ಅವರ ಮನೆಯೊಳಗೆ ಬ್ಯಾರಿ ಭಾಷೆ, ನಮ್ಮೊಡನೆ ತುಳು. ಇಲ್ಲಿ ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗೆ ಬರೆಯುವಾಗ ಎಷ್ಟು ಸೋರಿಹೋಯಿತೋ ಗೊತ್ತಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಸಾಕ್ಷಿ ಎಲ್ಲಿ ಎಂದು ಕೇಳುವುದನ್ನು ಕಲಿಸಿದರು. ಆ ಅಭ್ಯಾಸ ಮನೆಯ ನೆನಪುಗಳನ್ನೂ ಬಿಡುವುದಿಲ್ಲ.

ಮಧ್ಯಾಹ್ನದ ಅಡುಗೆ ಮುಗಿಸಿ ಅಕ್ಕ ನಮ್ಮ ಜಗಲಿಗೆ ಬರುತ್ತಿದ್ದರು. ಅಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅಕ್ಕನಿಗೆ ಬೀಡಿ ಕಟ್ಟುವ ಅಗತ್ಯವಿರಲಿಲ್ಲ, ಸುಮ್ಮನೆ ಕೂರಲು ಬರುವುದಿಲ್ಲವೆಂದು ಎಲೆ ಕತ್ತರಿಸಿ ಕೊಡುತ್ತಿದ್ದರು. ಅವರ ಮಣಿಕಟ್ಟಿನಲ್ಲಿ ಈ ಕ್ಯಾಮೆರಾ ತೂಗುತ್ತಿತ್ತು.

ಗಂಡ ಒಂದು ರಜೆಯಲ್ಲಿ ತಂದುಕೊಟ್ಟದ್ದು ಅದು. ಮಳೆಗಾಲದಲ್ಲಿ ಕ್ಯಾಮೆರಾದ ಗಾಜಿಗೆ ಬೂಸ್ಟು ಹಿಡಿಯುತ್ತದೆಂದು ಯಾರೋ ಹೆದರಿಸಿದ್ದರು. ಅಕ್ಕಿ ತೇವ ಹೀರುತ್ತದಲ್ಲ, ಹಾಗಾಗಿ ಜೂನ್ ಬಂತೆಂದರೆ ಕ್ಯಾಮೆರಾ ಚೀಲದೊಂದಿಗೆ ಅಕ್ಕಿ ಡಬ್ಬದೊಳಗೆ ಇಳಿಯುತ್ತಿತ್ತು. ಪಟ ತೆಗೆಯಬೇಕಾದರೆ ಅಕ್ಕ ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಹಾಕಿ ಹುಡುಕಬೇಕು. ನಮ್ಮ ಕಡೆ ಈಗಲೂ ಹಳೆಯ ತಲೆಯವರು ಫೋಟೋಕ್ಕೆ ಪಟ ಎಂದೇ ಹೇಳುವುದು.

ಮುಂದೆ ಓಣಿಯ ಎಲ್ಲರ ಕೈಗೂ ಸ್ಮಾರ್ಟ್‌ಫೋನ್ ಬಂತು. ಅಕ್ಕನಿಗೂ ಬಂತು, ಅದರಲ್ಲಿ ಗಂಡನ ಮುಖ ನೋಡಿ ಮಾತಾಡುತ್ತಿದ್ದರು. ಆದರೆ ಪಟ ತೆಗೆಯಲು ಕ್ಯಾಮೆರಾವೇ ಬೇಕು. ಓಣಿಯ ಹೆಂಗಸರಿಗೂ ಅದೇ ಬೇಕಿತ್ತು. ಮದುವೆ ಗೊತ್ತಾದ ಹುಡುಗಿ ಕೂದಲು ಬಿಚ್ಚಿಕೊಂಡು ಒಂದು ಪಟ ತೆಗೆಸಿಕೊಳ್ಳಲು ಅವರ ಮನೆಗೆ ಬರುತ್ತಿದ್ದಳು. ಬಾಣಂತಿ ಎದೆಯ ಮಗುವಿನೊಂದಿಗೆ ಬರುತ್ತಿದ್ದಳು. ಎಂದೂ ಯಾರೆದುರೂ ಸೆರಗು ಜಾರಿಸದ ಮುದುಕಿಯರು ಅಲ್ಲಿ ತಲೆಯ ಬಟ್ಟೆ ತೆಗೆದು ಕೂರುತ್ತಿದ್ದರು. ಅಕ್ಕ ಆ ಪಟಗಳನ್ನು ಪ್ರಿಂಟ್ ಹಾಕಿಸುತ್ತಿರಲಿಲ್ಲ, ಅಂಗಡಿಯವನು ನೋಡುತ್ತಾನಲ್ಲ. ಬೇಕಾದವರು ಸಂಜೆ ಅವರ ಅಡುಗೆಮನೆಯಲ್ಲಿ ಕೂತು, ಅಂಗೈಗಿಂತ ಚಿಕ್ಕ ಪರದೆಯಲ್ಲಿ ತಮ್ಮನ್ನು ತಾವು ನೋಡಿ ಹೋಗಬೇಕು.

ನನಗೆ ಇದೆಲ್ಲ ವಿಚಿತ್ರವಾಗಿ ಕಂಡಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು, ಹೊಸ ಫೋನ್ ತೆಗೆದುಕೊಂಡಿದ್ದೆ. ಒಂದು ಸಂಜೆ ಜಗಲಿಯಲ್ಲಿ ಅಮ್ಮನನ್ನು ಕೂರಿಸಿ, ಅಕ್ಕ ಕ್ಯಾಮೆರಾದಲ್ಲಿ, ನಾನು ಫೋನಿನಲ್ಲಿ ಪಟ ತೆಗೆದೆವು. ಕ್ಯಾಮೆರಾದ್ದು ಹಳದಿ, ಕೈ ನಡುಗಿ ಸ್ವಲ್ಪ ಕಲಸಿಕೊಂಡಿತ್ತು. ಫೋನಿನದ್ದು ಹಗಲಿನಲ್ಲಿ ತೆಗೆದ ಹಾಗಿತ್ತು. ಫೋನೇ ಗೆದ್ದಿತು ಎಂದು ಈಗಲೂ ಹೇಳಬೇಕು. ಗೆದ್ದವಳ ಗತ್ತಿನಲ್ಲಿ ಅಕ್ಕನ ಮುಂದೆ ಹಿಡಿದೆ.

ಅಕ್ಕ ಬಹಳ ಹೊತ್ತು ನೋಡಿದರು. "ಚಂದ ಉಂಟು," ಎಂದರು. "ಯಾರಿದು?"

ಅಮ್ಮನ ಮಡಿಲಿನ ಮೊರ ಕುಲುಕಿ ಕಟ್ಟಿದ ಬೀಡಿಗಳೆಲ್ಲ ಚೆಲ್ಲಿದವು. ಕಣ್ಣೀರು ಬರುವಷ್ಟು ನಕ್ಕಳು. ಫೋನ್ ಅವಳ ಕೆನ್ನೆಯನ್ನು ನುಣುಪು ಮಾಡಿ, ಬಣ್ಣ ತಿಳಿ ಮಾಡಿ, ಹಣೆಯ ಗಾಯದ ಕಲೆಯನ್ನೂ ಒರೆಸಿಬಿಟ್ಟಿತ್ತು. ಅದನ್ನು ನಾನು ಗಮನಿಸಿರಲೇ ಇಲ್ಲ.

ಅಮ್ಮನಿಗೆ ಕಾಯಿಲೆ ಎಂದು ತಿಳಿದದ್ದು ಅದಾದ ಮೇಲೆ. ಔಷಧಿಗೆ ಕೂದಲು ಉದುರಿತು. ಸೊಂಟದವರೆಗಿನ ಕೂದಲು... ಅಥವಾ ಬೆನ್ನಿನ ನಡುವಿನವರೆಗೆ ಇತ್ತೇನೋ, ಹೋದವರ ಕೂದಲು ನೆನಪಿನಲ್ಲಿ ಬೆಳೆಯುತ್ತಲೇ ಇರುತ್ತದೆ. ತಲೆಗೆ ಹತ್ತಿಯ ಶಾಲು ಕಟ್ಟಿಕೊಳ್ಳಲು ಕಲಿಸಿದವರು ಅಕ್ಕ. ಜಾರದ ಹಾಗೆ ಪಿನ್ನು ಎಲ್ಲಿ ಚುಚ್ಚಬೇಕೆಂದು ತೋರಿಸಿಕೊಟ್ಟರು. "ನನ್ನ ಕಸಬು ನಿನಗೂ ಬಂತು ನೋಡು," ಎಂದು ಅಮ್ಮನನ್ನು ನಗಿಸಿದರು.

ಬೆಳ್ತಂಗಡಿಯಲ್ಲಿ ಸಂಬಂಧಿಕರ ಮದುವೆಯಿತ್ತು. ಬೇಡವೆಂದರೂ ಅಮ್ಮ ಹೊರಟಳು. ಊಟದ ಪಂಕ್ತಿಯಲ್ಲಿ ಬಗ್ಗಿದಾಗ ಶಾಲು ಹಿಂದಕ್ಕೆ ಜಾರಿತು. ಅದೇ ಗಳಿಗೆಯಲ್ಲಿ ಯಾರೋ ಫೋನಿನಲ್ಲಿ ಪಂಕ್ತಿಯ ಪಟ ತೆಗೆದರು. ಕೆಟ್ಟ ಉದ್ದೇಶವೇನೂ ಇರಲಿಲ್ಲ, ಎಲ್ಲ ಪಟಗಳೊಂದಿಗೆ ಅದನ್ನೂ ಕುಟುಂಬದ ಗುಂಪಿಗೆ ಹಾಕಿದರು. ನಾವು ಮನೆ ಮುಟ್ಟುವ ಮೊದಲೇ ಮುಂಡಾಜೆಯಿಂದ ದೊಡ್ಡಮ್ಮ ಫೋನ್ ಮಾಡಿ ಅಳತೊಡಗಿದ್ದರು. ಮರುದಿನವಿಡೀ ಯಾರ್ಯಾರದೋ ಫೋನ್. ಅಮ್ಮ ಶಾಲನ್ನು ಇನ್ನಷ್ಟು ಬಿಗಿದು ಕಟ್ಟಿಕೊಂಡಳು. ಆಮೇಲೆ ನಾನು ಕೈಯಲ್ಲಿ ಫೋನ್ ಎತ್ತಿದರೆ ಸಾಕು, ಮುಖ ತಿರುಗಿಸುತ್ತಿದ್ದಳು.

ಅಕ್ಕ ಆಗ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡಿದ್ದೇನೆ. "ಫೋನಿಗೆ ಬಾಯಿ ಉಂಟು ಮಗಾ. ಇದಕ್ಕೆ ಕಣ್ಣು ಮಾತ್ರ." ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು. ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದು ಮರೆತುಹೋಗಿದೆ.

ಅಮ್ಮನ ಕೊನೆಯ ಪಟ ತೆಗೆದ ದಿನ ನಾನು ಮನೆಯಲ್ಲಿರಲಿಲ್ಲ. ಕಾಲೇಜಿನಿಂದ ಬಂದಾಗ ಅವಳ ಹಣೆಯಲ್ಲಿ ಬೊಟ್ಟಿತ್ತು, ಮುಖದಲ್ಲಿ ಏನೋ ಒಂದು ಕಳ್ಳ ಸಂತೋಷ. ಅಕ್ಕ ಮುಂದೆ ಹೇಳಿದ್ದು ಇಷ್ಟು: ಅಮ್ಮನೇ ಕರೆದು ಒಂದು ಪಟ ತೆಗೆ ಎಂದಳಂತೆ. ಈಗ ಹೇಗಿದ್ದೇನೋ ಹಾಗೆ, ಎಂದು ಶಾಲು ಬಿಚ್ಚಿದಳಂತೆ. ಆಗ ಅಕ್ಕನೂ ತಮ್ಮ ತಲೆಯ ಬಟ್ಟೆ ತೆಗೆದು ಕುರ್ಚಿಯ ಮೇಲೆ ಹಾಕಿದರಂತೆ. "ಅವಳೊಬ್ಬಳೇ ಹಾಗೆ ಕೂತ್ರೆ ಹೇಗೆ? ಅದಕ್ಕೆ ನಾನೂ ತೆಗೆದೆ," ಎಂದರು.

ಅಮ್ಮ ಹೋದ ಮೇಲೆ ಉತ್ತರಕ್ರಿಯೆಯ ಬೊಜ್ಜದ ದಿನ ಇಡಲು ಒಂದು ಪಟ ಬೇಕಾಯಿತು. ನನ್ನ ಫೋನಿನಲ್ಲಿ ಸಾವಿರಾರು ಪಟಗಳಿದ್ದವು. ಅಮ್ಮ ಇದ್ದವುಗಳಲ್ಲಿ ಒಂದೋ ಅಡ್ಡ ಕೈ, ಇಲ್ಲವೇ ತಿರುಗಿಸಿದ ಮುಖ. ಆ ನುಣುಪು ಕೆನ್ನೆಯ ಪಟವೂ ಇತ್ತು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದೆವು. ಬಂದವರೆಲ್ಲ ಚಂದ ಉಂಟು ಎಂದರು. ನನ್ನೊಳಗೆ ಅಕ್ಕನ ಪ್ರಶ್ನೆಯೇ ತಿರುಗುತ್ತಿತ್ತು.

ಕಾರ್ಯ ಮುಗಿದ ಮೇಲೆ ಅಕ್ಕನ ಮನೆಗೆ ಹೋಗಿ ಆ ಪಟ ಕೇಳಿದೆ. ಕಾರ್ಡು ಕೊಟ್ಟರೆ ನಿಮಿಷದಲ್ಲಿ ಫೋನಿಗೆ ಇಳಿಸಿಕೊಂಡು ವಾಪಸು ಕೊಡುತ್ತೇನೆ ಎಂದೆ.

"ನೋಡ್ಲಿಕ್ಕೆ ಬಾ," ಎಂದರು ಅಕ್ಕ. "ಎಷ್ಟು ಸಲ ಬೇಕಾದ್ರೂ ಬಾ. ಕೊಡ್ಲಿಕ್ಕೆ ಆಗುವುದಿಲ್ಲ. ನಿನ್ನ ಅಮ್ಮನಿಗೆ ಮಾತು ಕೊಟ್ಟಿದ್ದೇನೆ."

ನಾನು ಮಗಳು ಎಂದೆ. ಗೊತ್ತುಂಟು ಎಂದರು. ಕ್ಯಾಮೆರಾ ತಂದು, ಪರದೆಯಲ್ಲಿ ಆ ಪಟ ಹುಡುಕಿ ನನ್ನ ಕೈಗಿಟ್ಟರು. ಪರದೆಯ ಮೇಲೆ ನೀರು ಬಿದ್ದಾಗ ತಮ್ಮ ಶಾಲಿನ ತುದಿಯಿಂದ ಒರೆಸಿದರು. ಇನ್ನೊಂದು ಇದೆಯೇ ಎಂದು ಮುಂದಿನ ಗುಂಡಿ ಒತ್ತಲು ಹೋದೆ. "ಅದು ಹಾಳಾದದ್ದು. ಬರೀ ನೆಲದ ಪಟ ಬಿದ್ದಿದೆ," ಎಂದು ಮೆಲ್ಲಗೆ ಕ್ಯಾಮೆರಾ ವಾಪಸು ತೆಗೆದುಕೊಂಡರು.

ಸಿಟ್ಟು ಬಂದಿತ್ತು. ಆದರೂ ಹೋಗತೊಡಗಿದೆ. ಮೂಡುಬಿದಿರೆಯ ಬಸ್ಸಿಳಿದು ಬಂದವಳು ಬೀಗ ತೆಗೆಯುವ ಮೊದಲು ಆಚೆಮನೆಯ ಬಾಗಿಲು ತಟ್ಟುತ್ತಿದ್ದೆ. ಅಕ್ಕ ಅಡುಗೆಮನೆಯಿಂದಲೇ ಕೇಳುವರು, "ಅಮ್ಮನನ್ನು ನೋಡ್ಲಿಕ್ಕೆ ಬಂದದ್ದೋ, ಚಾ ಕುಡಿಲಿಕ್ಕೋ?"

"ಎರಡಕ್ಕೂ."

"ಹಾಗಾದ್ರೆ ಮೊದಲು ಚಾ. ಅವಳು ಎಲ್ಲಿಗೂ ಓಡಿಹೋಗುವುದಿಲ್ಲ."

ಏಲಕ್ಕಿ ಹಾಕಿದ ಚಾ, ಜೊತೆಗೆ ರಸ್ಕು. ಚಾ ಯಾವಾಗಲೂ ಸಿಹಿ ಜಾಸ್ತಿ. ಸಕ್ಕರೆ ಕಾಯಿಲೆಯಿದ್ದ ಅವರು ಕಪ್ಪು ಚಾ ಕುಡಿಯುತ್ತಿದ್ದರು, ನನಗೆ ಮಾತ್ರ ಅಷ್ಟು ಸಿಹಿ. ಅದು ಅವರ ಮನೆಯ ರೀತಿ ಎಂದುಕೊಂಡಿದ್ದೆ. ಕುಡಿಯುತ್ತಿದ್ದಂತೆ ಕಾಲೇಜಿನ ಮಕ್ಕಳ ಸುದ್ದಿ, ನನ್ನ ಅಡುಗೆಯ ಸುದ್ದಿ, ಮುಖ ಯಾಕೆ ಹೀಗೆ ಬತ್ತಿದೆ ಎಂಬ ವಿಚಾರಣೆ. ಕೆಲವು ದಿನ ಮಾತಿನಲ್ಲಿ ಕ್ಯಾಮೆರಾ ತೆಗೆಯುವುದೇ ಮರೆತುಹೋಗುತ್ತಿತ್ತು. ಮನೆಗೆ ಬಂದ ಮೇಲೆ ನೆನಪಾಗಿ, ಮರೆತೆನಲ್ಲ ಎಂದು ದುಃಖವಾಗುತ್ತಿತ್ತು... ಆಮೇಲೆ ಅದೂ ಕಡಿಮೆಯಾಯಿತು.

ಆಗಲೂ ಒಂದು ಸಂಶಯ ನನ್ನನ್ನು ಬಿಟ್ಟಿರಲಿಲ್ಲ. ಅಮ್ಮ ನಿಜವಾಗಿ ಹಾಗೆ ಮಾತು ತೆಗೆದುಕೊಂಡಿದ್ದಳೇ? ಇದ್ದದ್ದು ಅಕ್ಕನ ಬಾಯಿಮಾತು ಮಾತ್ರ. ಅವರ ಮಕ್ಕಳು ಒಬ್ಬೊಬ್ಬರಾಗಿ ಹೋಗಿದ್ದರು, ಮನೆ ಖಾಲಿಯಾಗಿತ್ತು. ಯಾರಾದರೂ ಬರುತ್ತಿರಲಿ ಎಂದು ಪಟವನ್ನು ಹಿಡಿದಿಟ್ಟುಕೊಂಡರೇ ಎಂದು ಯೋಚಿಸಿದ್ದುಂಟು. ಹಾಗೆ ಯೋಚಿಸಿದ ಸಂಜೆಯೂ ಹೋಗಿ ಚಾ ಕುಡಿದು ಬಂದಿದ್ದೇನೆ.

ಸೊಸೆಯ ಹೆರಿಗೆಗೆಂದು ಅಕ್ಕ ಕೊಲ್ಲಿ ದೇಶಕ್ಕೆ ಹೊರಟರು. ಅದಕ್ಕೂ ಮೊದಲು ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಕರೆದರು. ಅವರವರ ಪಟ ಕೊನೆಯದಾಗಿ ತೋರಿಸಿ, ಅವರೆದುರಿಗೇ ಅಳಿಸಿದರು. ಊರಿನ ಹೆಣ್ಣುಮಕ್ಕಳ ಪಟ ಕಡಲಾಚೆ ಹೊತ್ತುಕೊಂಡು ಹೋಗುವುದೂ ಸರಿಯಲ್ಲ, ಖಾಲಿ ಮನೆಯಲ್ಲಿ ಬಿಟ್ಟು ಹೋಗುವುದೂ ಸರಿಯಲ್ಲ ಎಂಬುದು ಅವರ ಲೆಕ್ಕ. ನನ್ನನ್ನು ಕರೆಯಲಿಲ್ಲ. ಕೇಳಲು ನನಗೂ ಧೈರ್ಯವಾಗಲಿಲ್ಲ. ಅಮ್ಮನದ್ದೂ ಹೋಯಿತೆಂದೇ ತಿಳಿದಿದ್ದೆ. ಬಂದ ಮೇಲೆ ಕೇಳುವ ಎಂದುಕೊಂಡೆ. ಅವರು ಬರಲಿಲ್ಲ. ಒಂದು ಬೆಳಿಗ್ಗೆ ಫೋನಿಗೆ ಸುದ್ದಿ ಬಂತು, ನಿದ್ದೆಯಲ್ಲೇ ಹೋದರೆಂದು. ಮಣ್ಣು ಮಾಡಿದ್ದೂ ಅಲ್ಲೇ. ಅವರ ಒಂದು ಪಟವೂ ನನ್ನಲ್ಲಿಲ್ಲ. ಓಣಿಯವರೆಲ್ಲರ ಪಟ ತೆಗೆದವರ ಪಟವನ್ನು ಯಾರೂ ತೆಗೆದಿರಲಿಲ್ಲ.

ಚಾರ್ಜರಿನ ದೀಪ ಹಸಿರಾಗುವವರೆಗೆ ಕಾದು ಕ್ಯಾಮೆರಾ ಆನ್ ಮಾಡಿದೆ. ಅಮ್ಮ ಇದ್ದಳು. ಆದರೆ ನನ್ನ ನೆನಪಿನಲ್ಲಿದ್ದ ಪಟ ಅದಲ್ಲ. ಅಮ್ಮ ಹಲ್ಲು ಕಾಣುವಂತೆ ನಗುತ್ತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ ಎಂದು ಇಷ್ಟು ದಿನ ನಂಬಿದ್ದೆ. ಎಷ್ಟೋ ಸಲ ನೋಡಿದ ಪಟ! ಅಲ್ಲಿ ಬಾಯಿ ಮುಚ್ಚಿದೆ. ಕಣ್ಣು ಮಾತ್ರ ನಗುತ್ತಿದೆ, ಅದೂ ಕ್ಯಾಮೆರಾದ ಕಡೆಗಲ್ಲ, ಸ್ವಲ್ಪ ಮೇಲೆ, ಪಟ ತೆಗೆಯುತ್ತಿರುವವರ ಮುಖದ ಕಡೆಗೆ. ಬರಿಯ ತಲೆ, ಹಣೆಯಲ್ಲಿ ಗಾಯದ ಕಲೆ. ನನ್ನ ನೆನಪೂ ಆ ಫೋನಿನ ಹಾಗೆ ಕೆಲಸ ಮಾಡಿತ್ತು.

ಎಲ್ಲವನ್ನೂ ಅಳಿಸಿದ್ದ ಅಕ್ಕ ಇನ್ನೊಂದನ್ನು ಮಾತ್ರ ಉಳಿಸಿದ್ದರು, ಆ ಹಾಳಾದದ್ದನ್ನು. ಒತ್ತಿದೆ. ಅದು ಪಟವಲ್ಲ, ವಿಡಿಯೋ. ಪಟ ತೆಗೆದಾದ ಮೇಲೆ ಮೇಲಿನ ಚಕ್ರಕ್ಕೆ ಕೈ ತಾಗಿ ತಿರುಗಿರಬೇಕು, ಕ್ಯಾಮೆರಾ ಅಕ್ಕನ ಮಣಿಕಟ್ಟಿನಲ್ಲಿ ತೂಗುತ್ತಾ ಕಂಡದ್ದನ್ನೆಲ್ಲ ಹಿಡಿದಿದೆ. ನಮ್ಮ ಜಗಲಿಯ ಕೆಂಪು ನೆಲ, ಕುರ್ಚಿಯ ಕಾಲು, ಅಮ್ಮನ ಒಡೆದ ಹಿಮ್ಮಡಿ, ಮತ್ತೆ ನೆಲ. ಮೇಲಿನಿಂದ ದನಿ.

"ಅವಳಿಗೆ ಕೊಡ್ಬೇಡ ಮಾರಾಯ್ತಿ," ಎನ್ನುತ್ತಾಳೆ ಅಮ್ಮ.

"ಮಗಳಿಗೂ ಬೇಡವಾ?"

"ಕೊಟ್ರೆ ಫೋನಿಗೆ ಹಾಕಿ, ಬಾಗಿಲು ಹಾಕಿ, ಒಬ್ಬಳೇ ಕೂತು ನೋಡ್ತಾಳೆ. ನಿನ್ನಲ್ಲೇ ಇರ್ಲಿ. ನೋಡ್ಲಿಕ್ಕಾದ್ರೂ ಬರ್ತಾಳೆ. ಬಂದಾಗ ಒಂದು ಚಾ ಕೊಡು."

ನೆಲ ತೂಗುತ್ತದೆ. ಆಮೇಲೆ ಅಕ್ಕನ ದನಿ: "ಸಕ್ಕರೆ?"

"ಹೆಚ್ಚೇ ಹಾಕು. ಬೇಡ ಅಂತಾಳೆ. ಬೇಕು ಅವಳಿಗೆ."

ಅಲ್ಲಿಗೆ ನಿಂತಿದೆ.

ಕಾರ್ಡು ಈಗ ನನ್ನ ಕೈಯಲ್ಲೇ ಇದೆ. ಫೋನಿಗೆ ಇಳಿಸಿಕೊಳ್ಳಲು ಬೇಡ ಎನ್ನುವವರು ಯಾರೂ ಉಳಿದಿಲ್ಲ. ಇಳಿಸಿಕೊಂಡಿಲ್ಲ. ಮುಂದೆ ಇಳಿಸಿಕೊಳ್ಳುವುದಿಲ್ಲ ಎಂದು ಬರೆಯುವಷ್ಟು ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಮಳೆಗಾಲ ಹತ್ತಿರ ಬಂದಿದೆ, ಚೀಲವನ್ನು ಕಟ್ಟಿ ನಮ್ಮ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೇನೆ.

ನಿನ್ನೆ ಬಸ್ಸಿಳಿದು ಬರುವಾಗ ಅಮ್ಮನನ್ನು ನೋಡಬೇಕೆನಿಸಿತು. ಕಾಲು ತಾನಾಗಿ ಓಣಿಯ ಆ ಬದಿಗೆ ಹೋಗಿತ್ತು. ಬಾಗಿಲಿಗೆ ಬೀಗ. ಪಟ ನನ್ನ ಮನೆಯಲ್ಲೇ ಇದೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಈ ಬದಿಗೆ ದಾಟಿ ಬಂದು, ನಮ್ಮ ಬಾಗಿಲು ತೆಗೆದು, ಮೊದಲು ಚಾಕ್ಕೆ ನೀರಿಟ್ಟೆ.