ಹುಳುಗಳಿಗೆ, ಹುಳುಗಳಿಂದ

ನಂಬಲಾಗುತ್ತಿಲ್ಲ...
ಇಂದು ಬೆಳಿಗ್ಗೆ ಭೋಜ ಹಳ್ಳಿಯಿಂದ ಜಿನ್ನಪ್ಪ ಫೋನ್ ಮಾಡಿ, "ಬಾಯಾರು ಹೋದ್ರರಿ" ಎಂದಾಗ,
"ಯಾವ ಬಸ್ಸಿಗೆ?" ಎಂದು ಕೇಳಿದೆ...
ಆತ ಬಿಕ್ಕಿದ.
ಆಗ ತಿಳಿಯಿತು.

ಮಾನ್ಯ ಬಂಧುಗಳೇ,
ಜೇನುಹುಳು ಮತ್ತು ಪರಾಗಸ್ಪರ್ಶದ ಅಧ್ಯಯನಕ್ಕೆ ಆಯುಷ್ಯವನ್ನೇ ಮುಡಿಪಿಟ್ಟ ವಿಜ್ಞಾನಿ, ನಾವೆಲ್ಲ ಗೌರವದಿಂದ 'ಬಾಯಾರು' ಎನ್ನುತ್ತಿದ್ದ ಡಾ. ಸುನಂದಾ ಇನ್ನಿಲ್ಲ...
ಚಿಕ್ಕೋಡಿ ಕೋರ್ಟಿನ ಎದುರು ಜೀವಮಾನವಿಡೀ ಅರ್ಜಿ ಬರೆದ ನಾನು, ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ...

ಎಂಬತ್ತರ ದಶಕದ ಕೊನೆ.
ಭೋಜದಲ್ಲಿ ಜಿನ್ನಪ್ಪನ ಸೂರ್ಯಕಾಂತಿ ಹೊಲ. ಪಕ್ಕದ ರಸ್ತೆಯಲ್ಲಿ ಸರಕಾರಿ ಹುಣಸೆಮರ. ಮರದ ತುಂಬ ಹೆಜ್ಜೇನು.
ಜಿನ್ನಪ್ಪನವರದು ಜೈನ ಮನೆತನ. ಜೇನು ಮುಟ್ಟುವವರಲ್ಲ, ಮುಟ್ಟಗೊಡುವವರೂ ಅಲ್ಲ.
ಯಾರೂ ಹಿಂಡದ ಆ ಹುಟ್ಟುಗಳನ್ನು ಹುಡುಕಿಕೊಂಡೇ ಬಾಯಾರು ಮೈಸೂರು ಸೀಮೆಯಿಂದ ಬಂದಿದ್ದರು.
ಕೆಲವು ಹೂಗಳಿಗೆ ತೆಳು ಬಟ್ಟೆ ಕಟ್ಟುವರು, ಕೆಲವನ್ನು ಹುಳುಗಳಿಗೆ ಬಿಡುವರು... ಯಾವುದರಲ್ಲಿ ಕಾಳು ತುಂಬಿತೆಂದು ನೋಡುವರು.
ಮೂರು ಹಂಗಾಮು ಇದೇ ತಪಸ್ಸು.

ಆದರೆ ಸುತ್ತಲಿನವರು ಹಾಡುಹಗಲೇ ಔಷಧಿ ಸ್ಪ್ರೇ ಮಾಡುತ್ತಿದ್ದರು. ಹುಳುಗಳು ಉದುರತೊಡಗಿದವು.
ಬಾಯಾರು ನನ್ನ ಟೇಬಲ್ಲಿಗೆ ಬಂದರು.
"ಹುಣಸೆಮರದ ಹುಳುಗಳಿಗೆ ತೊಂದರೆ ಆಗ್ತಿದೆ. ನಿಲ್ಲಿಸಬೇಕು ಅಂತ ಬರೀರಿ."

ನಾನು ಹಿರಿಯರ ಅರ್ಜಿಗಳನ್ನು ನಕಲು ಮಾಡಿಯೇ ಭಾಷೆ ಕಲಿತವನು. ನನ್ನ ಮಾದರಿಗಳಲ್ಲಿ ತೊಂದರೆ ಆಗುವುದು ಮನುಷ್ಯರಿಗೆ, ಹುಳುವಿಗಲ್ಲ...
ಬಾಯಾರ ಕನ್ನಡ ತಿದ್ದಿದೆನೆಂಬ ಹೆಮ್ಮೆಯಿಂದಲೇ ಬರೆದೆ:
"ಸದರಿ ಹುಣಸೆಮರದ ಹುಳುಗಳಿಂದ ಆಗುತ್ತಿರುವ ತೊಂದರೆಯನ್ನು ಶೀಘ್ರ ನಿವಾರಿಸಿಕೊಡಬೇಕೆಂದು ವಿನಂತಿ."
ಬಸ್ಸು ಹೊರಡುವುದರಲ್ಲಿತ್ತು.
ಅವರು ಓದದೆ ಸಹಿ ಮಾಡಿದರು.

ಎಂಟೇ ದಿನ...
ಜಿನ್ನಪ್ಪ ಓಡಿಬಂದ. ಹಿಂದೆ ಬಾಯಾರು.
"ಏನ್ ಬರದೀರಿ ಮಾರಾಯ್ರ! ಜೇನಿಗೆ ಔಷಧಿ ಹೊಡ್ಯಾಕ ಆರ್ಡರ್ ಆಗೇತಿ. ಇವತ್ತ ಮಧ್ಯಾಹ್ನ ಪಂಪ್ ತಗೊಂಡ ಬರಾಕತ್ತಾರ!"

ತಕ್ಷಣ ಎರಡನೆಯ ಅರ್ಜಿಗೆ ಕೂತೆ...
ಕಾರಣ ನಮೂದಿಸಬೇಕಾದ ಸಾಲು ಬಂತು.
"ಬರಹಗಾರನ ಕಣ್ತಪ್ಪಿನಿಂದ" ಎಂಬುದೇ ಸತ್ಯ.
ಹಾಗೆ ಬರೆದರೆ ನಾಳೆ ಈ ಟೇಬಲ್ಲಿಗೆ ಯಾರು ಬಂದಾರು?
ಬರೆದೆ...
"ಅರ್ಜಿದಾರರ ಕಣ್ತಪ್ಪಿನಿಂದ."

ಬಾಯಾರೇ,
ಈ ಸಲ ನೀವು ಒಂದೊಂದೇ ಅಕ್ಷರ ಓದಿದಿರಿ.
ಆ ಸಾಲಿಗೆ ನಿಮ್ಮ ಬೆರಳು ನಿಂತಿತು... ತಲೆಯೆತ್ತಿ ನನ್ನ ಮುಖ ನೋಡಿದಿರಿ.
"ಟೈಮಿಲ್ಲ" ಎಂದು ಸಹಿ ಹಾಕಿದಿರಿ.
ನೀವಿಬ್ಬರೂ ಮರ ಕಾಯಲು ಓಡಿದಿರಿ. ನಾನು ತಡೆ ಆದೇಶಕ್ಕಾಗಿ ತಹಶೀಲ್ದಾರ ಕಚೇರಿಗೆ.
ಸಾಹೇಬರು ಅರ್ಜಿ ಓದಿ ನಕ್ಕರು. "ಇಂಥವ್ರಿಗೂ ಡಾಕ್ಟರೇಟ್ ಕೊಡ್ತಾರಲ್ಲರಿ!"
ನಾನೂ ನಕ್ಕೆ...

ನಿಪ್ಪಾಣಿಯ ಬಸ್ಸು, ಅಲ್ಲಿಂದ ಯಾರದೋ ತಂಬಾಕಿನ ಟೆಂಪೊ.
ನಾನು ಹೊಲ ಮುಟ್ಟಿದಾಗ ಪಂಪಿಗೆ ಗಾಳಿ ಹೊಡೆಯುತ್ತಿದ್ದರು.
ನೀವು ಮರಕ್ಕೆ ಬೆನ್ನುಕೊಟ್ಟು ನಿಂತಿದ್ದಿರಿ. ಸೆರಗು ಅಲುಗದಂತೆ ಬಿಗಿಹಿಡಿದಿದ್ದಿರಿ. ತಲೆಯ ಮೇಲೆ ಹೆಜ್ಜೇನು ಅಲೆಯಲೆಯಾಗಿ ಕದಲುತ್ತಿತ್ತು...
"ಬಾಯಾರ, ಅರ್ಜಿ ನಿಮ್ಮದ, ಸಹಿ ನಿಮ್ಮದ. ಈಗ ಬ್ಯಾಡಂದ್ರ ಹೆಂಗ್ರಿ? ಸರೀರಿ ಅತ್ತಾಗ!" ಎಂದು ಪಂಪಿನ ಆಳುಗಳ ಮುಕಾದಮ ಗದರುತ್ತಿದ್ದ.
"ಮೊದಲ ನನಗ ಹೊಡಿ ಲೇ!" ಎಂದು ಜಿನ್ನಪ್ಪ ಅಡ್ಡ ನಿಂತಿದ್ದ.
ಏದುಸಿರಿನಲ್ಲೇ ಆದೇಶ ಚಾಚಿದೆ.
ಮುಕಾದಮ ಓದಿದ... ಮತ್ತೊಮ್ಮೆ ಓದಿದ. ಪಂಪಿನ ನಳಿಗೆ ಇಳಿಸಿದ.
"ಇನ್ನ ಮ್ಯಾಲರೆ ಓದಿ ಸಹಿ ಮಾಡ್ರಿ, ಬಾಯಾರ."
"ಹೂಂ" ಅಂದಿರಿ.
ಅಷ್ಟೇ...

ಬಟ್ಟೆ ಕಟ್ಟಿದ ಹೂವಿನಲ್ಲಿ ಜೊಳ್ಳು. ಹುಳು ಕೂತ ಹೂವಿನಲ್ಲಿ ಗಟ್ಟಿ ಕಾಳು.
ಆ ಎರಡು ಒಣ ತೆನೆ ಹಿಡಿದು ತೊಂಬತ್ತರ ದಶಕವಿಡೀ ರಾಯಬಾಗ, ಅಥಣಿ, ಕಾಗವಾಡ ಸುತ್ತಿದಿರಿ. "ಸಂಜೆ ಹುಳು ಮನೆಗೆ ಹೋದ ಮೇಲೆ ಸ್ಪ್ರೇ ಮಾಡಿ" ಎಂದು ಹೊಲ ಹೊಲಕ್ಕೆ ಹೋಗಿ ಕೈಮುಗಿದಿರಿ.
ಆದರೆ ಓದದೆ ಸಹಿ ಮಾಡಿದ ಆ ಕಥೆ ನಿಮಗಿಂತ ಮೊದಲೇ ಊರು ಮುಟ್ಟಿರುತ್ತಿತ್ತು.
ಉಗಾರ ಬುದ್ರುಕದ ಸಭೆಯಲ್ಲಿ ಒಬ್ಬ ಕೂಗಿದ: "ಹಾಜರಿ ಪುಸ್ತಕಾನೂ ಓದಿ ಸಹಿ ಮಾಡ್ರಿ, ಬಾಯಾರ!"
ಸಭೆ ನಕ್ಕಿತು. ನೀವೂ ನಕ್ಕಿರಿ.
ಮುಂದಿನ ಸಾಲಿನಲ್ಲೇ ನಾನಿದ್ದೆ...
ನೀವು ನನ್ನ ಕಡೆ ನೋಡಲೂ ಇಲ್ಲ.

ಆದ್ದರಿಂದ ಮಾನ್ಯರೇ,
ಇದು ನನ್ನ ಮೂರನೆಯ ಅರ್ಜಿ. ದಯವಿಟ್ಟು ಓದಿ ನೋಡಬೇಕು.
ಅಂದಿನ ಕಣ್ತಪ್ಪು ಅರ್ಜಿದಾರರದಲ್ಲ, ಬರಹಗಾರನದು.
ಎರಡನೆಯ ಅರ್ಜಿಯಲ್ಲಿ ಬರೆದದ್ದು ಕಣ್ತಪ್ಪೂ ಅಲ್ಲ...

ಹೋಗಿ ಬರ್ರಿ, ಬಾಯಾರ.
ಇನ್ನು ನನ್ನಿಂದ ನಿಮಗೆ ತೊಂದರೆ ಇಲ್ಲ.
ಆ ಹುಣಸೆಯ ನೆರಳಿನಂಥ ಶಾಂತಿ ನಿಮ್ಮ ಜೀವಕ್ಕೆ ದೊರೆಯಲಿ...